ರೋಣ ಸೀಮೆಯ ನೀರು, ಹಲ್ಲಿನ ತಂತಿ ಮತ್ತು ಲೇಸರ್



ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದವರಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಕಡಲೆಗೆ ಕೊರತೆಯಿಲ್ಲ. ಹಿಂಗಾರಿನಲ್ಲಿ ಇಲ್ಲಿನ ಎರೆಹೊಲಗಳು ಕಡಲೆ, ಬಿಳಿಜೋಳ, ಕುಸುಬೆಗಳಿಂದ ತುಂಬಿರುತ್ತವೆ. ಹಲ್ಲಿಗೂ ಕೊರತೆಯಿಲ್ಲ, ಖಡಕ್ ರೊಟ್ಟಿಯನ್ನು ಕಟಕಟನೆ ಕಡಿದು ತಿನ್ನುವ ಜನ ಇವರು. ಆದರೆ ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆಗಳು ಕಾಣುತ್ತವೆ. ಕೆಲವರಲ್ಲಿ ಅವು ಹಳದಿಗೆ ತಿರುಗಿರುತ್ತವೆ, ಇನ್ನು ಕೆಲವರಲ್ಲಿ ಕಂದು ಕಲೆಗಳಾಗಿರುತ್ತವೆ. ಅದು ಹಲ್ಲುಜ್ಜದವರ ಕೊಳೆಯಲ್ಲ. ಚಿಕ್ಕಂದಿನಲ್ಲಿ ಕುಡಿದ ನೀರು ಹಲ್ಲಿನಲ್ಲಿ ಬಿಟ್ಟ ಗುರುತು.

ಈ ಗುರುತಿನ ಬಗ್ಗೆ ಸಾಕಷ್ಟು ಮಾತು ನಡೆದಿದೆ. ಅದರಿಂದ ಹುಟ್ಟಿದ ಒಂದು ಹೊಸ ತೊಡಕಿನ ಬಗ್ಗೆ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ಓರೆಕೋರೆ ಹಲ್ಲಿಗೆ ತಂತಿ ಹಾಕಿಸುವ ಚಿಕಿತ್ಸೆ ಈಗ ಪೇಟೆಯ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಹಳ್ಳಿಯ ಶಿಕ್ಷಕರು, ಅಂಗಡಿಕಾರರು, ನಾಲ್ಕೆಂಟು ಎಕರೆ ಹೊಲವಿರುವ ರೈತರು ಕೂಡ ಮಕ್ಕಳನ್ನು ದಂತ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಅಲ್ಲಿ ತಂತಿಯನ್ನು ಹಿಡಿದಿಡುವ ಸಣ್ಣ ಲೋಹದ ತುಣುಕನ್ನು, ಅಂದರೆ ಬ್ರ್ಯಾಕೆಟ್ಟನ್ನು, ಹಲ್ಲಿಗೆ ಅಂಟಿಸಬೇಕು. ಬೇರೆ ಊರಿನ ಹಲ್ಲಿಗೆ ಗಟ್ಟಿಯಾಗಿ ಅಂಟುವ ಅದೇ ಬ್ರ್ಯಾಕೆಟ್ಟು ಈ ಸೀಮೆಯ ಕಲೆಬಿದ್ದ ಹಲ್ಲಿನಿಂದ ಮತ್ತೆ ಮತ್ತೆ ಕಳಚಿ ಬೀಳಬಹುದು. ಇದಕ್ಕೆ ಲೇಸರ್ ಕಿರಣ ಪರಿಹಾರವಾದೀತೇ ಎಂಬುದು ದಂತ ವೈದ್ಯ ಲೋಕದಲ್ಲಿ ಹಲವು ವರ್ಷಗಳಿಂದ ಕೇಳಿಬರುತ್ತಿರುವ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಮೊದಲು ಹಲ್ಲನ್ನೂ ಆಮೇಲೆ ನೀರನ್ನೂ ಅರಿಯಬೇಕು.

ಬೀಸುಕಲ್ಲಿನ ಪಾಠ

ಬೀಸುಕಲ್ಲು ಬಳಸಿದ ಮನೆಗಳಲ್ಲಿ ಒಂದು ಅನುಭವ ಎಲ್ಲರಿಗೂ ಇರುತ್ತದೆ. ಬೀಸಿ ಬೀಸಿ ಕಲ್ಲು ನುಣುಪಾದರೆ ಹಿಟ್ಟಾಗುವುದಿಲ್ಲ. ಆಗ ಕಲ್ಲುಕುಟಿಗರನ್ನು ಕರೆಸಿ ಅದಕ್ಕೆ ಟಾಕಿ ಹಾಕಿಸಬೇಕು. ಉಳಿಯ ಸಣ್ಣ ಸಣ್ಣ ಏಟಿನಿಂದ ಮೈ ಒರಟಾದ ಮೇಲೆಯೇ ಕಲ್ಲು ಕಾಳನ್ನು ಹಿಡಿಯುತ್ತದೆ. ಹಳೆಯ ಗೋಡೆಗೆ ಹೊಸ ಗಿಲಾವು ಮಾಡುವ ಮುನ್ನ ಗೋಡೆಗೆ ಕಚ್ಚು ಹಾಕುವುದೂ ಇದೇ ಕಾರಣಕ್ಕೆ. ನುಣುಪಾದ ಮೈಗೆ ಏನೂ ನಿಲ್ಲುವುದಿಲ್ಲ.

ಹಲ್ಲಿನ ಹೊರಕವಚವಾದ ಎನಾಮೆಲ್ ಮನುಷ್ಯನ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು 96 ಭಾಗ ಖನಿಜ. ಉಳಿದದ್ದು ನೀರು ಮತ್ತು ಅತಿ ಕಡಿಮೆ ಪ್ರಮಾಣದ ಜೈವಿಕ ಅಂಶ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಸೂಕ್ಷ್ಮ ಹರಳುಗಳು ಸಾಲಾಗಿ ಜೋಡಿಕೊಂಡು ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ ಕಡ್ಡಿಗಳಾಗುತ್ತವೆ. ಅಂಥ ಲಕ್ಷಾಂತರ ಕಡ್ಡಿಗಳು ಒತ್ತಾಗಿ ನಿಂತು ಎನಾಮೆಲ್ ಆಗುತ್ತದೆ. ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎನಾಮೆಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಒಮ್ಮೆ ಕಳೆದದ್ದು ಕಳೆದಂತೆಯೇ.

ಇಂಥ ನುಣುಪಾದ ಮೈಗೆ ಏನನ್ನಾದರೂ ಅಂಟಿಸುವುದು ಬಹುಕಾಲ ಆಗದ ಮಾತಾಗಿತ್ತು. ವಕ್ರದಂತ ಚಿಕಿತ್ಸೆಗೆ ಶಾಸ್ತ್ರದ ರೂಪ ಕೊಟ್ಟ ಅಮೆರಿಕದ ಎಡ್ವರ್ಡ್ ಆಂಗಲ್ ಅವರ ಕಾಲದಲ್ಲಿ ಹಲ್ಲಿನ ಸುತ್ತ ಲೋಹದ ಪಟ್ಟಿ ಬಿಗಿದು ಅದಕ್ಕೆ ತಂತಿ ಸಿಕ್ಕಿಸುತ್ತಿದ್ದರು. ಬಾಯಿ ತುಂಬ ಲೋಹ, ಹಲ್ಲುಗಳ ಸಂದಿಯಲ್ಲಿ ನೋವು. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿದ್ದ ಮೈಕೆಲ್ ಬ್ಯುವೊನೊಕೋರ್ ಈ ಕಷ್ಟಕ್ಕೆ ದಾರಿ ತೋರಿಸಿದರು. ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಸವರುವ ಪದ್ಧತಿಯಿತ್ತು. ಹಲ್ಲಿಗೂ ಅದನ್ನೇಕೆ ಸವರಬಾರದು ಎಂದು ಅವರು ಯೋಚಿಸಿದರು. ಆಮ್ಲವನ್ನು ಅರ್ಧ ನಿಮಿಷ ಸವರಿ ತೊಳೆದಾಗ ಎನಾಮೆಲಿನ ಮೇಲ್ಮೈ ಜೇನುಗೂಡಿನಂತೆ ಸಣ್ಣ ಸಣ್ಣ ಗೂಡುಗಳಾಯಿತು. ಅಂಟು ಆ ಗೂಡುಗಳೊಳಗೆ ಇಳಿದು ಗಟ್ಟಿಯಾಯಿತು. ಹಲ್ಲಿಗೆ ಟಾಕಿ ಹಾಕುವ ವಿದ್ಯೆ ಹೀಗೆ ಸಿಕ್ಕಿತು. 1965ರಲ್ಲಿ ಜಾರ್ಜ್ ನ್ಯೂಮನ್ ಇದೇ ಕ್ರಮದಿಂದ ಬ್ರ್ಯಾಕೆಟ್ಟುಗಳನ್ನು ನೇರವಾಗಿ ಹಲ್ಲಿಗೆ ಅಂಟಿಸಿದ್ದನ್ನು ವರದಿ ಮಾಡಿದರು. ಲೋಹದ ಪಟ್ಟಿಗಳ ಕಾಲ ಮೆಲ್ಲನೆ ಹಿಂದೆ ಸರಿಯಿತು.

ಇಂದು ವೈದ್ಯರು ಸಾಮಾನ್ಯವಾಗಿ ಬಳಸುವುದು ಶೇಕಡಾ 37ರ ಫಾಸ್ಫಾರಿಕ್ ಆಮ್ಲ, 15ರಿಂದ 30 ಸೆಕೆಂಡು. ತೊಳೆದು ಒಣಗಿಸಿದಾಗ ಹಲ್ಲು ಇಬ್ಬನಿ ಹಿಡಿದ ಗಾಜಿನಂತೆ ಮಂಕು ಬಿಳುಪಾದರೆ ಕೆಲಸ ಸರಿಯಾಯಿತೆಂದು ಅರ್ಥ. ತಂತಿಯ ಎಳೆತವನ್ನೂ ಅಗಿಯುವ ಒತ್ತಡವನ್ನೂ ತಾಳಲು ಅಂಟಿಗೆ ಸುಮಾರು 6ರಿಂದ 8 ಮೆಗಾಪ್ಯಾಸ್ಕಲ್ ಬಲ ಬೇಕೆಂದು 1975ರಲ್ಲಿ ರೆನಾಲ್ಡ್ಸ್ ಎಂಬ ತಜ್ಞರು ಹೇಳಿದ್ದನ್ನು ಇಂದಿಗೂ ಅಳತೆಗೋಲಾಗಿ ಬಳಸುತ್ತಾರೆ. ಅಂದರೆ 10 ಚದರ ಮಿಲಿಮೀಟರಿನ ಪುಟ್ಟ ಬ್ರ್ಯಾಕೆಟ್ಟು ಆರೆಂಟು ಕಿಲೋ ಭಾರದ ಎಳೆತಕ್ಕೆ ಜಗ್ಗದೆ ನಿಲ್ಲಬೇಕು. ಚಿಕಿತ್ಸೆ ಮುಗಿದ ದಿನ ಹಲ್ಲಿಗೆ ಗಾಯವಾಗದಂತೆ ಬಿಟ್ಟೂ ಬರಬೇಕು. ತೀರ ಬಿಗಿಯಾದರೂ ಕಷ್ಟ, ಸಡಿಲವಾದರೂ ಕಷ್ಟ.

ಕೆರೆಯಿಂದ ಕೊಳವೆಬಾವಿಗೆ

ಇನ್ನು ನೀರಿನ ಕಥೆ. ಈ ಮೂರು ಊರುಗಳೂ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಮೇಲೆ ಗದಗ ಜಿಲ್ಲೆಯಾಯಿತು. ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡ ಈಗ ತಾನೇ ಒಂದು ತಾಲ್ಲೂಕು. ಮಳೆ ಕಡಿಮೆ, ಅದೂ ನಂಬಿಕೆಯಿಲ್ಲದ್ದು. ಆದುದರಿಂದಲೇ ಇಲ್ಲಿನ ಹಿರಿಯರು ನೀರನ್ನು ದೇವರಂತೆ ಕಂಡರು. ಸೂಡಿಯ ನಾಗಕುಂಡದ ಮೆಟ್ಟಿಲಿಳಿದು ನೋಡಿದವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಜನ ಒಂದು ಹೊಂಡಕ್ಕೆ ಗುಡಿಯಷ್ಟೇ ಶ್ರದ್ಧೆಯಿಂದ ಕಲ್ಲು ಕೆತ್ತಿದ್ದು ತಿಳಿಯುತ್ತದೆ. ಗಜೇಂದ್ರಗಡದ ಹತ್ತಿರ ಕಾಲಕಾಲೇಶ್ವರನ ಬೆಟ್ಟದಲ್ಲಿ ಬಂಡೆಯ ಸಂದಿಯಿಂದ ಒಸರುವ ನೀರಿಗೆ ಭಕ್ತರು ಅಂತರಗಂಗೆ ಎಂದು ಕೈಮುಗಿಯುತ್ತಾರೆ. ಊರೂರಿಗೆ ಕುಡಿಯುವ ನೀರಿನ ಕೆರೆ ಇರುತ್ತಿತ್ತು. ಅದರಲ್ಲಿ ದನ ಇಳಿಸಬಾರದು, ಬಟ್ಟೆ ಒಗೆಯಬಾರದು ಎಂಬ ಕಟ್ಟುಪಾಡು ಇರುತ್ತಿತ್ತು.

ಕೆರೆಯ ನೀರು ಮಳೆಯ ನೀರು. ಅದು ಬಂಡೆಯೊಡನೆ ಹೆಚ್ಚು ಕಾಲ ಇರುವುದಿಲ್ಲ. 1970ರ ದಶಕದಿಂದೀಚೆಗೆ ಬರಗಾಲದ ಒತ್ತಡದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಬಂತು, ಕೈಪಂಪು ಬಂತು. ಕಾಲರಾ, ನಾರುಹುಣ್ಣುಗಳಂಥ ರೋಗಗಳ ಭಯ ಕಡಿಮೆಯಾಯಿತು. ಹೆಣ್ಣುಮಕ್ಕಳಿಗೆ ದೂರದ ಕೆರೆಗೆ ಕೊಡ ಹೊತ್ತು ಹೋಗುವ ಕಷ್ಟ ಕಡಿಮೆಯಾಯಿತು. ಆ ಉಪಕಾರವನ್ನು ಮರೆಯಬಾರದು. ಆದರೆ ಆಳದ ಗ್ರಾನೈಟು, ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಶಿಲೆಗಳಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಕ್ಷಾರ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಿದ್ದ ಕಡೆ ಫ್ಲೋರೈಡ್ ಇನ್ನಷ್ಟು ಕರಗುತ್ತದೆ. ಗದಗ ಜಿಲ್ಲೆ ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಮುಂಡರಗಿಯಂತೆ ರೋಣದ ಭಾಗದಲ್ಲೂ ಈ ದೋಷವಿದೆ. ನರಗುಂದದ ಎರೆಭೂಮಿಯ ಕಡೆ ಸವಳು ನೀರಿನ ದೂರು ಹೆಚ್ಚು. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಕೂಡ ಒಂದೇ ಬಗೆಯದಾಗಿರಬೇಕೆಂದಿಲ್ಲ.

ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಹಿತವೆಂಬುದೂ ನಿಜ. ಟೂತ್‌ಪೇಸ್ಟಿನಲ್ಲಿ ಅದನ್ನು ಸೇರಿಸುವುದು ಅದಕ್ಕಾಗಿಯೇ. ಮಿತಿ ಮೀರಿದಾಗ, ಅದರಲ್ಲೂ ಹುಟ್ಟಿದಂದಿನಿಂದ ಎಂಟು ವರ್ಷದೊಳಗೆ ಮೀರಿದಾಗ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಎನಾಮೆಲ್ ಕೆಡುತ್ತದೆ. ಮುಂದಿನ ಬಾಚಿಹಲ್ಲುಗಳ ಕವಚ ನಾಲ್ಕೈದನೆಯ ವಯಸ್ಸಿಗೇ ಸಿದ್ಧವಾಗಿರುತ್ತದೆ. ಹದಿನಾಲ್ಕು ವರ್ಷದ ಮಗುವಿನ ಹಲ್ಲಿನಲ್ಲಿ ಕಾಣುವುದು ಇಂದಿನ ನೀರಲ್ಲ, ಹತ್ತು ವರ್ಷದ ಹಿಂದಿನ ನೀರು.

ಜೋಳಕ್ಕೂ ಇಲ್ಲಿ ಸಂಬಂಧವಿದೆ. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದರು. ಹಾಗೆಂದು ರೊಟ್ಟಿ ಬಿಡಬೇಕಿಲ್ಲ. ದೋಷ ಜೋಳದ್ದಲ್ಲ, ಅದರ ಜೊತೆಗೆ ಕುಡಿಯುವ ನೀರಿನದು.

ಕಲೆಯ ಕಾರಣ ಹುಡುಕಿದವರು

ಈ ಕಲೆಗೂ ನೀರಿಗೂ ಇರುವ ನಂಟು ತಿಳಿಯಲು ಜಗತ್ತಿಗೆ ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ತರುಣ ದಂತ ವೈದ್ಯರು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದು ಬಣ್ಣವಾಗಿರುವುದನ್ನು ಕಂಡರು. ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಏನೂ ಆಗಿರಲಿಲ್ಲ. ನೀರಿನ ಮೇಲೆ ಅವರಿಗೆ ಅನುಮಾನವಿತ್ತು, ಪುರಾವೆಯಿರಲಿಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ತಜ್ಞ ಚರ್ಚಿಲ್ ಅವರು ಇಂಥ ಹಲ್ಲುಗಳಿದ್ದ ಊರುಗಳ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಪತ್ತೆ ಮಾಡಿದರು. ಭಾರತದಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದ ಫ್ಲೋರೋಸಿಸ್ ಕುರಿತ ವರದಿ ಹೊರಬಂತು.

ವಿಜ್ಞಾನಕ್ಕೆ ಕಾರಣ ತಿಳಿದರೂ ಊರಿಗೆ ತಿಳಿಯಲು ಇನ್ನೂ ಕಾಲ ಬೇಕಾಯಿತು. ಕಲೆಬಿದ್ದ ಹಲ್ಲಿನ ಮಕ್ಕಳನ್ನು ಹಲ್ಲುಜ್ಜುವುದಿಲ್ಲವೆಂದು ಶಾಲೆಯಲ್ಲಿ ಗದರುವುದುಂಟು. ತರುಣರನ್ನು ಗುಟ್ಕಾ ತಿನ್ನುವವರೆಂದು ಶಂಕಿಸುವುದುಂಟು. ಕನ್ಯೆ ನೋಡಲು ಬಂದವರ ಎದುರು ತುಟಿ ಬಿಚ್ಚದೆ ಕುಳಿತ ಹುಡುಗಿಯನ್ನು ನಾಚಿಕೆಯ ಸ್ವಭಾವದವಳೆಂದು ಮೆಚ್ಚಿದ್ದೂ ಇರಬಹುದು. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಕಲೆ ಹೋಗುವುದಿಲ್ಲ. ಅದು ಮೇಲೆ ಮೆತ್ತಿದ್ದಲ್ಲ, ಎನಾಮೆಲಿನೊಳಗೇ ಇರುವುದು. ಉಜ್ಜಿದಷ್ಟೂ ಸವೆಯುವುದು ಹಲ್ಲು ಮಾತ್ರ.

ಆಮ್ಲಕ್ಕೆ ಬಗ್ಗದ ಹಲ್ಲು

ಈಗ ಎರಡು ಕಥೆಗಳೂ ಒಂದೆಡೆ ಸೇರುತ್ತವೆ. ಆಮ್ಲ ಎನಾಮೆಲನ್ನು ಕರಗಿಸಿದರೆ ತಾನೇ ಅಂಟಿಗೆ ಗೂಡು ಸಿಗುವುದು? ಫ್ಲೋರೈಡ್ ಸೇರಿದ ಹರಳು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಹಲ್ಲನ್ನು ಹುಳುಕಿನಿಂದ ಕಾಯುವ ಗುಣವೇ ಇಲ್ಲಿ ಅಂಟಿಗೆ ಅಡ್ಡಿಯಾಗುತ್ತದೆ. ಫ್ಲೋರೋಸಿಸ್ ತೀವ್ರವಾದ ಹಲ್ಲಿನಲ್ಲಿ ಇನ್ನೂ ಒಂದು ವಿಚಿತ್ರವಿದೆ. ಮೇಲಿನ ತೆಳು ಪದರ ಅತಿ ಗಟ್ಟಿ, ಅದರ ಕೆಳಗಿನ ಪದರ ಖನಿಜ ಕಡಿಮೆಯಾಗಿ ಜಳ್ಳು. ಆಮ್ಲವನ್ನು ಕಡಿಮೆ ಹೊತ್ತು ಇಟ್ಟರೆ ಮೇಲಿನ ಪದರ ಬಗ್ಗದು. ಹೆಚ್ಚು ಹೊತ್ತು ಇಟ್ಟರೆ ಜಳ್ಳು ಪದರ ಹೊರಬೀಳುತ್ತದೆ. ಅದಕ್ಕೆ ಅಂಟಿಸಿದ್ದು ಕೀಳುವಾಗ ಎನಾಮೆಲಿನ ಚೂರನ್ನೂ ಕಿತ್ತು ತರಬಹುದು. ಮೊದಲೇ ಸುಣ್ಣದಂತೆ ಬೆಳ್ಳಗಿರುವ ಹಲ್ಲಿನಲ್ಲಿ ಆಮ್ಲ ಕೆಲಸ ಮಾಡಿತೆಂಬ ಬಿಳಿ ಗುರುತನ್ನು ಓದುವುದೂ ಸುಲಭವಲ್ಲ.

ಬ್ರ್ಯಾಕೆಟ್ಟು ಬಿದ್ದರೆ ಮತ್ತೆ ಅಂಟಿಸಿದರಾಯಿತಲ್ಲ ಎನ್ನಬಹುದು. ಧಾರವಾಡ, ಹುಬ್ಬಳ್ಳಿಗಳಲ್ಲಿ ಮನೆಯಿದ್ದವರಿಗೆ ಅದು ಒಂದು ಸಂಜೆಯ ಕೆಲಸ. ಗಜೇಂದ್ರಗಡದ ಆಚೆಯ ಹಳ್ಳಿಯಿಂದ ದಂತ ಕಾಲೇಜಿರುವ ಧಾರವಾಡಕ್ಕೋ ಬಾಗಲಕೋಟೆಗೋ ಹೋಗಬೇಕಾದವರಿಗೆ ಮಗುವಿನ ಒಂದು ದಿನದ ಶಾಲೆ, ತಂದೆಯ ಒಂದು ದಿನದ ದುಡಿಮೆ, ಇಬ್ಬರ ಬಸ್ಸಿನ ಖರ್ಚು ಹೋಗುತ್ತದೆ. ಒಂದೂವರೆ ಎರಡು ವರ್ಷ ನಡೆಯುವ ಚಿಕಿತ್ಸೆಯಲ್ಲಿ ಇದು ನಾಲ್ಕಾರು ಸಲ ಆದರೆ ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುವುದು ಸಹಜ. ಆಗ ಹಲ್ಲೂ ನೆಟ್ಟಗಾಗುವುದಿಲ್ಲ, ಹಾಕಿದ ಹಣವೂ ಬರುವುದಿಲ್ಲ.

ಬೆಳಕಿನ ಉಳಿ

ಮೊದಲ ಲೇಸರನ್ನು 1960ರ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಕೆಂಪು ಹರಳಿನಿಂದ ಹೊಮ್ಮಿಸಿದರು. 1964ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ಕಂಡುಹಿಡಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಓದಿದ ಕುಮಾರ್ ಪಟೇಲ್. ಹಲ್ಲಿನ ಮೇಲೂ ಅದನ್ನು ಬೇಗನೆ ಪ್ರಯೋಗಿಸಿದರು. 1965ರಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮರೋಗ ತಜ್ಞರು ದಂತ ವೈದ್ಯನಾಗಿದ್ದ ತಮ್ಮ ಸೋದರನ ಹಲ್ಲಿಗೇ ಕಿರಣ ಹಾಯಿಸಿದರು. ನೋವಾಗಲಿಲ್ಲ. ಆದರೆ ಆ ಕಾಲದ ಲೇಸರುಗಳು ಹಲ್ಲನ್ನು ಕಾಯಿಸಿ ಕರಗಿಸುತ್ತಿದ್ದವು; ಹಲ್ಲಿನೊಳಗಿನ ಜೀವಂತ ತಿರುಳಿಗೆ ಅಪಾಯವಿತ್ತು. ತಿರುಳಿನ ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೂ ಅದು ಸಾಯಬಹುದೆಂದು ಕೋತಿಗಳ ಮೇಲಿನ ಪ್ರಯೋಗಗಳು ಅದೇ 1965ರಲ್ಲಿ ತೋರಿಸಿದ್ದವು.

ಎರ್ಬಿಯಂ ಎಂಬ ಧಾತುವನ್ನು ಬಳಸುವ ಲೇಸರು ಬಂದ ಮೇಲೆ ಸ್ಥಿತಿ ಬದಲಾಯಿತು. 1989ರಲ್ಲಿ ಜರ್ಮನಿಯ ಹಿಬ್‌ಸ್ಟ್ ಮತ್ತು ಕೆಲ್ಲರ್ ಅದು ಹಲ್ಲನ್ನು ಹೇಗೆ ಕೊರೆಯುತ್ತದೆಂದು ವಿವರಿಸಿದರು. 1997ರಲ್ಲಿ ಅಮೆರಿಕ ಸರಕಾರದ ಔಷಧ ಇಲಾಖೆ ಹಲ್ಲಿನ ಗಟ್ಟಿ ಭಾಗದ ಮೇಲೆ ಇದನ್ನು ಬಳಸಲು ಒಪ್ಪಿಗೆ ಕೊಟ್ಟಿತು. ಇದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ನೀರು ಇದನ್ನು ಅತ್ಯಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಎನಾಮೆಲಿನಲ್ಲಿ ಅಡಗಿರುವ ಅಲ್ಪ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗುತ್ತದೆ. ಬಾಣಲೆಯಲ್ಲಿ ಜೋಳದ ಕಾಳು ಅರಳುವುದೂ ಒಳಗಿನ ನೀರು ಆವಿಯಾಗಿ ಸಿಡಿಯುವುದರಿಂದಲೇ. ಇಲ್ಲಿ ಅಂಥ ಸೂಕ್ಷ್ಮ ಸಿಡಿತಗಳಿಂದ ಹರಳಿನ ಕಣಗಳು ಹಾರಿ ಮೇಲ್ಮೈ ಒರಟಾಗುತ್ತದೆ. ಕಿರಣದ ಜೊತೆಗೆ ನೀರಿನ ತುಂತುರು ಹಾಯಿಸುತ್ತಿರುವುದರಿಂದ ಹಲ್ಲು ಕಾಯುವುದೂ ಕಡಿಮೆ.

ಇದರ ಆಕರ್ಷಣೆ ಎಲ್ಲಿದೆಯೆಂದು ಈಗ ಊಹಿಸಬಹುದು. ಆಮ್ಲ ಹಲ್ಲನ್ನು ಕರಗಿಸಬೇಕು. ಲೇಸರು ಕರಗಿಸುವುದಿಲ್ಲ, ಕಲ್ಲುಕುಟಿಗನ ಉಳಿಯಂತೆ ಕೆತ್ತುತ್ತದೆ. ಆಮ್ಲಕ್ಕೆ ಬಗ್ಗದ ಫ್ಲೋರೈಡ್ ಹಲ್ಲು ಉಳಿಗೆ ಬಗ್ಗಬಹುದಲ್ಲವೇ? ಮತ್ತೊಂದು ಲಾಭವೂ ಉಂಟು. ಲೇಸರು ತಾಗಿದ ಎನಾಮೆಲ್ ಮುಂದೆ ಬಾಯಿಯಲ್ಲಿ ಹುಟ್ಟುವ ಆಮ್ಲಕ್ಕೆ ಹೆಚ್ಚು ತಡೆ ಒಡ್ಡುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಬ್ರ್ಯಾಕೆಟ್ಟಿನ ಸುತ್ತ ಹುಳುಕು ಹತ್ತುವುದು ತಂತಿ ಚಿಕಿತ್ಸೆಯ ಹಳೆಯ ಪೀಡೆಯಾದ್ದರಿಂದ ಇದು ಸಣ್ಣ ಮಾತಲ್ಲ.

ಆದರೆ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಕೆಲವದರಲ್ಲಿ ಲೇಸರಿನ ಹಿಡಿತ ಆಮ್ಲದ ಹಿಡಿತಕ್ಕೆ ಸಮನಾಗಿದೆ, ಕೆಲವದರಲ್ಲಿ ಕಡಿಮೆ. ಆಮ್ಲ ಮಾಡುವ ಗೂಡುಗಳು ಒಂದೇ ಸಮನಾಗಿ ಹರಡಿರುತ್ತವೆ. ಲೇಸರು ಕೆತ್ತಿದ್ದು ಒಂದು ಕಡೆ ಆಳ, ಒಂದು ಕಡೆ ಮೇಲೆ. ಶಕ್ತಿ ಹೆಚ್ಚಾದರೆ ಎನಾಮೆಲಿನೊಳಗೆ ಬಿರುಕು ಬೀಳಬಹುದು. ಎಷ್ಟು ಶಕ್ತಿ, ಎಷ್ಟು ಹೊತ್ತು, ಎಷ್ಟು ದೂರ ಎಂಬ ಲೆಕ್ಕ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಹೆಚ್ಚಿನ ಪ್ರಯೋಗಗಳು ಕಿತ್ತ ಹಲ್ಲಿನ ಮೇಲೆ ಪ್ರಯೋಗಾಲಯದಲ್ಲಿ ನಡೆದವು. ಖಡಕ್ ರೊಟ್ಟಿ, ಶೇಂಗಾ ತಿನ್ನುವ ಬಾಯಿಯಲ್ಲಿ ನಡೆದವಲ್ಲ. ಯಂತ್ರದ ಬೆಲೆ ಹಲವು ಲಕ್ಷ ರೂಪಾಯಿ. ವೈದ್ಯರಿಗೂ ರೋಗಿಗೂ ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು, ಬಳಸುವವರಿಗೆ ತರಬೇತಿ ಬೇಕು. ಆದುದರಿಂದ ಇಂದಿಗೂ ಆಮ್ಲವೇ ರೂಢಿಯ ದಾರಿ.

ಫ್ಲೋರೋಸಿಸ್ ಹಲ್ಲಿಗೆ ವೈದ್ಯರು ಬೇರೆ ಉಪಾಯಗಳನ್ನೂ ಮಾಡುತ್ತಾರೆ. ಆಮ್ಲವನ್ನು ಸ್ವಲ್ಪ ಹೆಚ್ಚು ಹೊತ್ತು ಇಡುವುದು, ಮೇಲಿನ ಗಟ್ಟಿ ಪದರವನ್ನು ಸೂಕ್ಷ್ಮವಾಗಿ ಉಜ್ಜಿ ತೆಗೆಯುವುದು, ಹಿಡಿತ ಹೆಚ್ಚಿಸುವ ವಿಶೇಷ ದ್ರವ ಸವರುವುದು, ತೀರ ಕೆಟ್ಟ ಹಲ್ಲಿಗೆ ಹಳೆಯ ಲೋಹದ ಪಟ್ಟಿಯನ್ನೇ ಹಾಕುವುದು. ಇವುಗಳ ಸಾಲಿನಲ್ಲಿ ಲೇಸರು ಒಂದು. ಯಾವುದೇ ಆಗಲಿ, ಮೊದಲು ಆಗಬೇಕಾದ್ದು ಒಂದೇ: ಕುರ್ಚಿಯಲ್ಲಿ ಕುಳಿತ ಮಗುವನ್ನು ವೈದ್ಯರು ಯಾವ ಊರು, ಚಿಕ್ಕಂದಿನಲ್ಲಿ ಯಾವ ನೀರು ಎಂದು ಕೇಳಬೇಕು. ಕೇಳದಿದ್ದರೆ ತಂದೆತಾಯಿಗಳೇ ಹೇಳಬೇಕು. ಪಾಠಪುಸ್ತಕದ 30 ಸೆಕೆಂಡು ಆರೋಗ್ಯವಂತ ಎನಾಮೆಲಿಗೆ ಹೇಳಿದ್ದು; ಎಲ್ಲ ಊರಿನ ಹಲ್ಲಿಗೆ ಅಲ್ಲ.

ಲೇಸರು ತಲುಪದ ಜಾಗ

ಲೇಸರು ಬ್ರ್ಯಾಕೆಟ್ಟನ್ನು ನಿಲ್ಲಿಸೀತು, ಫ್ಲೋರೈಡನ್ನು ತೆಗೆಯಲಾರದು. ಹಲ್ಲಿನ ಕಲೆ ಹೊರಗೆ ಕಾಣುವ ಮೊದಲ ಗುರುತು ಮಾತ್ರ. ಅದೇ ನೀರನ್ನು ಹಲವು ವರ್ಷ ಕುಡಿದರೆ ಬೆನ್ನು, ಮೊಣಕಾಲು, ಕೀಲುಗಳು ಬಿಗಿಯುತ್ತವೆ. ಎಲುಬು ಬಾಗುವುದೂ ಉಂಟು.

ದಾರಿಗಳು ಇಲ್ಲದಿಲ್ಲ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿತು. 2013ರ ನಂತರ ರಾಜ್ಯದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗದಗಿನವರೇ ಆದ ಎಚ್.ಕೆ. ಪಾಟೀಲ. ಮಲಪ್ರಭೆ, ತುಂಗಭದ್ರೆಯರ ನೀರನ್ನು ಹಳ್ಳಿಗಳಿಗೆ ತರುವ ಯೋಜನೆಗಳೂ ನಡೆದವು. ಆದರೆ ಘಟಕ ಕೆಟ್ಟು ನಿಂತ ವಾರ, ನದಿಯ ನೀರು ಬಾರದ ವಾರ, ಜನ ಮತ್ತೆ ಕೊಳವೆಬಾವಿಗೆ ಹೋಗುತ್ತಾರೆ. ಕಾಯಿಸಿದರೆ ದೋಷ ಹೋಗುತ್ತದೆಂದು ಹಲವರು ನಂಬಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಮಳೆನೀರು ಹಿಡಿದಿಡುವುದು, ಊರ ಕೆರೆಯ ಹೂಳು ತೆಗೆಸುವುದು ಹಳೆಯ ಮಾತಾದರೂ ಹಳತಾದ ಮಾತಲ್ಲ.

ಮನೆಯಲ್ಲಿ ಶುದ್ಧ ನೀರು ಒಂದೇ ಕೊಡ ಇದ್ದರೆ ಅದು ಯಾರಿಗೆ? ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು. ದೊಡ್ಡವರ ಹಲ್ಲು ಆಗಲೇ ರೂಪುಗೊಂಡಾಗಿದೆ. ಮಕ್ಕಳ ಹಲ್ಲು ಇನ್ನೂ ಒಸಡಿನೊಳಗೆ ಕಟ್ಟಿಕೊಳ್ಳುತ್ತಿದೆ. ಧಾರವಾಡದ ಕುರ್ಚಿಯಲ್ಲಿ ಇಂದು ಕುಳಿತ ಹದಿನಾಲ್ಕರ ಹುಡುಗಿಗೆ ಬೇಕಾದರೆ ಲೇಸರು ಇರಲಿ, ಆಮ್ಲವಿರಲಿ, ಯಾವುದು ಹೊಂದುವುದೋ ಅದನ್ನು ವೈದ್ಯರು ಆರಿಸಲಿ. ಅವಳು ತುಟಿ ಮುಚ್ಚಿ ನಗಬೇಕಾಗಿಲ್ಲ. ಆ ಕಲೆಯಲ್ಲಿ ಅವಳ ತಪ್ಪೇನೂ ಇಲ್ಲ. ಅವಳ ಮನೆಯಲ್ಲಿ ಈಗ ಎರಡು ವರ್ಷದ ತಮ್ಮನಿದ್ದರೆ ಅವನ ಹಲ್ಲು ಹೇಗಿರಬೇಕೆಂಬುದು ಇಂದು ತುಂಬಿಡುವ ಕೊಡದ ನೀರಿನ ಮೇಲೆ ನಿಂತಿದೆ.